ಬೆನ್ನ ಹಿಂದೆ ನಿಂತ ಇಂಗ್ಲಿಷ್

ನನ್ನ ಅನುಮಾನದ ಬುದ್ಧಿಗೆ ಮನೆಯವರು ಈಗಲೂ ಹೆದರುತ್ತಾರೆ. ಅಂಗಡಿಗೆ ಹೋದರೆ ನಾನು ಮೊದಲು ನೋಡುವುದು ತಕ್ಕಡಿಯ ಮುಳ್ಳನ್ನು. ಯಾರಾದರೂ ಸುಮ್ಮನೆ ಹೊಗಳಿದರೆ, ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದುಕೊಳ್ಳುತ್ತೇನೆ. ಈ ಬುದ್ಧಿಯಿಂದ ನಷ್ಟವಾದದ್ದಕ್ಕಿಂತ ಲಾಭವಾದದ್ದೇ ಹೆಚ್ಚು, ಹಾಗಾಗಿ ಬಿಡುವ ಯೋಚನೆಯನ್ನೂ ಮಾಡಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಒಂದು ಸುದ್ದಿ ಬಂತು. ಪ್ರಾಥಮಿಕ ಶಾಲೆಯ ಮಾಸ್ಟ್ರು, ಟೀಚರುಗಳಿಗೆ ಶನಿವಾರ ಮಧ್ಯಾಹ್ನ ಗುರುವಾಯನಕೆರೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾರೆ, ಹೊಸ ರೀತಿಯಲ್ಲಿ ಕಲಿಸುತ್ತಾರೆ, ಅದೂ ಪುಕ್ಕಟೆ. ನಾನು ಕೇಳಿದ್ದು ಒಂದೇ ಮಾತು, “ಯಾಕಂತೆ?”

ಆಗ ನಾನು ಬಂಟ್ವಾಳದ ಒಂದು ಶಾಲೆಯಲ್ಲಿ ಟೀಚರ್. ಗಂಡನ ಮನೆ ಪಾಣೆಮಂಗಳೂರಿನಲ್ಲಿ. ಗಂಡ ಬಹರೈನಿನಲ್ಲಿ ಕೆಲಸಕ್ಕಿದ್ದರು, ಎರಡು ವರ್ಷಕ್ಕೊಮ್ಮೆ ಬರುವವರು. ಮನೆಯಲ್ಲಿ ಅತ್ತೆ, ಮದುವೆಯ ಪ್ರಾಯಕ್ಕೆ ಬಂದ ನಾದಿನಿ, ನಾನು, ಮತ್ತೆ ಐದು ತುಂಬಿದ ನನ್ನ ಮಗ. ಮಗನಿಗೆ ಕಿವಿ ಕೇಳುತ್ತಿರಲಿಲ್ಲ. ಹಾಗಾಗಿ ಮಾತೂ ಬಂದಿರಲಿಲ್ಲ. ಮಂಗಳೂರಿನ ಡಾಕ್ಟ್ರು ಅವನನ್ನು ನೋಡಿ, “ಇಲ್ಲಿ ಕಿವುಡು ಮಕ್ಕಳ ಶಾಲೆ ಉಂಟು. ಈ ವರ್ಷವೇ ಸೇರಿಸಿ, ತಡ ಆದಷ್ಟೂ ಕಷ್ಟ” ಎಂದಿದ್ದರು. ಸೇರಿಸಬೇಕಾದರೆ ನಾನು ಮಂಗಳೂರಿನಲ್ಲಿರಬೇಕು. ಮಂಗಳೂರಿನಲ್ಲಿರಬೇಕಾದರೆ ನನಗೆ ವರ್ಗ ಆಗಬೇಕು. ವರ್ಗ ಆಗಬೇಕಾದರೆ ಅರ್ಜಿಯಲ್ಲಿ ಕಾರಣ ಬರೆಯಬೇಕು. ಆ ಕಾರಣ ಬರೆಯಲು ಅತ್ತೆ ಬಿಡುತ್ತಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ನಾದಿನಿಗೆ ಲಾಯಿಲದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಬ್ಯಾಂಕಿನಲ್ಲಿ ಕ್ಲಾರ್ಕು. ಜಾತಕ ಕೂಡಿ ಬಂದಿತ್ತು, ಹುಡುಗಿಯನ್ನು ನೋಡಿಯೂ ಹೋಗಿದ್ದರು, ನಿಶ್ಚಯ ಒಂದು ಬಾಕಿ. “ಆ ಮನೆಯಲ್ಲಿ ಹುಟ್ಟು ಕಿವುಡ ಇದ್ದಾನೆ ಅಂತ ಗೊತ್ತಾದರೆ ಯಾರು ಹೆಣ್ಣು ತಗೊಳ್ತಾರೆ? ಇವಳದ್ದೊಂದು ಆಗಲಿ, ಮತ್ತೆ ಊರಿಗೆಲ್ಲ ಹೇಳು” ಎಂದಿದ್ದರು ಅತ್ತೆ. ಹುಡುಗನ ಕಡೆಯವರು ಬಂದ ದಿನ ನನ್ನ ಮಗನನ್ನು ಪಕ್ಕದ ಮನೆಗೆ ಕಳಿಸಿದ್ದೆವು. ಗಂಡನಿಗೆ ಬರೆದರೆ, ಅಮ್ಮ ಹೇಳಿದ ಹಾಗೆ ಮಾಡು ಎಂದು ಉತ್ತರ ಬಂತು. ನಿಶ್ಚಯ ಇವತ್ತು ನಾಳೆ ಎಂದು ಮುಂದೆ ಹೋಗುತ್ತಿತ್ತು, ವರ್ಗದ ಅರ್ಜಿ ಹಾಕುವ ತಿಂಗಳು ಹತ್ತಿರವಾಗುತ್ತಿತ್ತು. ನನಗೆ ಅನ್ನ ರುಚಿಸುತ್ತಿರಲಿಲ್ಲ.

ಅಂಥ ದಿನಗಳಲ್ಲಿ ನಮ್ಮ ಹೆಡ್‌ಮಾಸ್ಟ್ರು, ಶಾಲೆಯಿಂದ ಒಬ್ಬರಾದರೂ ಇಂಗ್ಲಿಷ್ ತರಬೇತಿಗೆ ಹೋಗಲೇಬೇಕು ಎಂದು ನನ್ನನ್ನು ದೂಡಿದರು. ಬೆಳಗ್ಗಿನ ಶಾಲೆ ಮುಗಿಸಿ, ಬುತ್ತಿ ಬಿಚ್ಚಿ ಉಂಡು, ಪುಂಜಾಲಕಟ್ಟೆ ದಾರಿಯಾಗಿ ಹೋಗುವ ಬಸ್ಸು ಹಿಡಿದು ಹೋದೆ. ಕೆಲವರು ಬೆಳ್ತಂಗಡಿಯಿಂದ ಬಂದಿದ್ದರು, ಕೆಲವರು ವೇಣೂರಿನ ಬಸ್ಸಿನಲ್ಲಿ ಮೂಡಬಿದ್ರೆ ಕಡೆಯಿಂದ. ಕೋಣೆಯೊಳಗೆ ಕಾಲಿಟ್ಟ ಕೂಡಲೇ ನನಗೆ ಸರಿ ಕಾಣಲಿಲ್ಲ. ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ನಡುವೆ ಒಂದು ಸ್ಟೂಲು, ಅದರ ಮೇಲೆ ಟೇಪ್‌ರೆಕಾರ್ಡರು.

ಕಲಿಸುವವರು ಮೂಡಬಿದ್ರೆ ಕಡೆಯ ಲೆಕ್ಚರರ್, ನಲವತ್ತರ ಹತ್ತಿರದವರು, ಮೆಲ್ಲ ಮಾತಿನವರು. ನಾವು ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ಅವರು ಕೂತುಕೊಂಡು ಹೇಳಿದರು, “ಇಲ್ಲಿ ಪಾಠಪುಸ್ತಕ ಇಲ್ಲ. ನಿಮಗೆ ಏನು ಹೇಳಬೇಕು ಅಂತ ಉಂಟೋ ಅದನ್ನು ನಿಮ್ಮ ಭಾಷೆಯಲ್ಲಿ ಹೇಳಿ. ನಾನು ನಿಮ್ಮ ಹಿಂದೆ ನಿಂತು ಅದನ್ನೇ ಇಂಗ್ಲಿಷಿನಲ್ಲಿ ಕಿವಿಯ ಹತ್ತಿರ ಹೇಳ್ತೇನೆ. ನೀವು ಅದನ್ನು ಎದುರಿನವರಿಗೆ ಗಟ್ಟಿಯಾಗಿ ಹೇಳಿ. ಆ ಇಂಗ್ಲಿಷ್ ಮಾತು ಮಾತ್ರ ಟೇಪಿನಲ್ಲಿ ಹಿಡಿಯುವ. ಕಡೆಗೆ ಎಲ್ಲರೂ ಕೇಳುವ, ಬೋರ್ಡಿನಲ್ಲಿ ಬರೆಯುವ. ತಪ್ಪು ಅಂತ ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ.”

ತಪ್ಪು ಹೇಳದ ಮಾಸ್ಟ್ರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೆಳ್ತಂಗಡಿಯ ಒಬ್ಬರು ಹಿರಿಯ ಮಾಸ್ಟ್ರು, “ಇದು ಯಾರು ಕಂಡುಹಿಡಿದದ್ದು?” ಎಂದು ಕೇಳಿದರು. ಅಮೆರಿಕದ ಒಬ್ಬ ಪಾದ್ರಿ, ಮನಸ್ಸಿನ ಕಷ್ಟ ಇದ್ದವರಿಗೆ ಸಮಾಧಾನ ಹೇಳುವ ಕೆಲಸ ಮಾಡಿದವರು, ಹೊಸ ಭಾಷೆ ಕಲಿಯುವವನಿಗೂ ಅಷ್ಟೇ ಹೆದರಿಕೆ ಇರುತ್ತದೆ ಎಂದು ಅವರಿಗೆ ತೋರಿತಂತೆ ಎಂದು ಸರ್ ಹೇಳಿದರು. ಪಾದ್ರಿ ಎಂದ ಕೂಡಲೇ ಹಿರಿಯ ಮಾಸ್ಟ್ರು ಕುರ್ಚಿಯನ್ನು ಒಂದು ಗೇಣು ಹಿಂದೆ ಎಳೆದರು. ಚಹಾಕ್ಕೆ ಹೊರಗೆ ಬಂದಾಗ ನಮ್ಮೆಲ್ಲರನ್ನು ಸೇರಿಸಿ, “ಇಗರ್ಜಿಯಲ್ಲಿ ತಪ್ಪು ಒಪ್ಪಿಸಿಕೊಳ್ತಾರಲ್ಲ, ಇದು ಅದೇ ಮಾರಾಯ್ರೆ. ಇಂಗ್ಲಿಷ್ ಒಂದು ನೆಪ” ಎಂದರು. ನನಗೆ ಆ ಅನುಮಾನ ಹಿಡಿಸಲಿಲ್ಲ. ನನ್ನದು ಬೇರೆ ಇತ್ತು. ಈ ಟೇಪು ಸಂಜೆ ಯಾರ ಮನೆಗೆ ಹೋಗುತ್ತದೆ ಎನ್ನುವುದು ನನ್ನ ಪ್ರಶ್ನೆ.

ಅದಕ್ಕೂ ಮೊದಲು ಕಿವಿಯ ತಕರಾರು ಬಂತು. ಗಂಡಸು ಹೆಂಗಸಿನ ಬೆನ್ನ ಹಿಂದೆ ನಿಂತು ಬಗ್ಗಿ ಕಿವಿಯಲ್ಲಿ ಮಾತಾಡುವುದೆಂದರೇನು? ಟೀಚರುಗಳೆಲ್ಲ ಸೆರಗು ಎಳೆದುಕೊಂಡು ಕೂತೆವು. ಸರ್ ಕಪಾಟಿನಿಂದ ಒಂದು ಡ್ರಾಯಿಂಗ್ ಶೀಟು ತೆಗೆದು ಉದ್ದಕ್ಕೆ ಸುತ್ತಿ ಎರಡು ಕಡೆ ದಾರ ಕಟ್ಟಿದರು. ಒಲೆ ಊದುವ ಕೊಳವೆಯ ಹಾಗೆ ಆಯಿತು. ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಮ್ಮ ಕಿವಿ. ಹೆಂಗಸರಿಗಾಗಿ ಮಾಡಿದ ಈ ಏರ್ಪಾಡು ಮುಂದಿನ ವಾರದ ಹೊತ್ತಿಗೆ ಗಂಡಸರಿಗೂ ಬೇಕೆಂದಾಯಿತು.

ಟೇಪು ಎಜುಕೇಶನ್ ಆಫೀಸಿಗೆ ಹೋಗುತ್ತದೆ ಎನ್ನುವುದರಲ್ಲಿ ನಮಗೆ ಯಾರಿಗೂ ಸಂಶಯ ಇರಲಿಲ್ಲ. ಎಡವಟ್ಟು ಮಾತು ಒಂದು ಬಿದ್ದರೆ ಘಟ್ಟದ ಬುಡಕ್ಕೆ ಎತ್ತಂಗಡಿ. ಹಾಗಾಗಿ ಮೊದಲು ಮಾತಾಡಿದವರು ಎದ್ದು ನಿಂತು, ಕೈಕಟ್ಟಿ, ಶುದ್ಧ ಪುಸ್ತಕದ ಕನ್ನಡದಲ್ಲಿ, “ನಮ್ಮ ಇನ್‌ಸ್ಪೆಕ್ಟರರು ಬಹಳ ಒಳ್ಳೆಯವರಾಗಿದ್ದಾರೆ” ಎಂದರು. ಸರ್ ಕೊಳವೆಯಲ್ಲಿ ಹೇಳಿಕೊಟ್ಟರು. “ಅವರ್ ಇನ್‌ಸ್ಪೆಕ್ಟರ್ ಈಸ್ ಎ ವೆರಿ ಗುಡ್ ಮ್ಯಾನ್” ಎಂದು ಅವರು ಟೇಪಿನ ಹತ್ತಿರ ಬಾಯಿ ತಂದು ಕೂಗಿದರು, ಆಫೀಸಿನವರಿಗೆ ಸರಿಯಾಗಿ ಕೇಳಲಿ ಎಂದು. ಎರಡನೆಯವರು ಶಾಲೆಯ ಕಟ್ಟಡವನ್ನು ಹೊಗಳಿದರು. ಮೂರನೆಯವರು ಪುನಃ ಇನ್‌ಸ್ಪೆಕ್ಟರರನ್ನು. ಹೀಗೆ ಕೆಲವು ಶನಿವಾರ ನಾವು ಕಲಿತ ಇಂಗ್ಲಿಷಿನಲ್ಲಿ ನಮ್ಮ ಇಲಾಖೆ ಸ್ವರ್ಗಕ್ಕಿಂತ ಒಂದು ಮೆಟ್ಟಿಲು ಮೇಲೆ ಇತ್ತು. ಸರ್ ನಗಲಿಲ್ಲ, ಬೇಸರಿಸಲಿಲ್ಲ. ಹೇಳಿದ್ದನ್ನೆಲ್ಲ ಮೆಲ್ಲ ಇಂಗ್ಲಿಷಿಗೆ ತಂದರು. ಆ ತಾಳ್ಮೆಯನ್ನು ಕಂಡು ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಕ್ಯಾಸೆಟ್ಟಿನ ಮೂಲೆಗೆ ಉಗುರಿನಲ್ಲಿ ಒಂದು ಗೀರು ಹಾಕಿಟ್ಟೆ. ಮುಂದಿನ ವಾರವೂ ಅದೇ ಕ್ಯಾಸೆಟ್ಟು, ಅದೇ ಗೀರು. ಆದರೂ ನಂಬಲಿಲ್ಲ, ನಕಲು ಮಾಡಿ ಕಳಿಸಿರಬಹುದಲ್ಲ ಎಂದುಕೊಂಡೆ.

ಒಂದು ಶನಿವಾರ ಸರ್ ಟೇಪಿನ ಗುಂಡಿಗಳನ್ನು ನಮಗೆ ತೋರಿಸಿದರು. “ಇದು ಹಿಡಿಯುವ ಗುಂಡಿ, ಇದು ಅಳಿಸುವುದು. ಇನ್ನು ನೀವೇ ಒತ್ತಿ, ನಾನು ಮುಟ್ಟುವುದಿಲ್ಲ. ಬೇಡ ಅಂತ ಕಂಡರೆ ಹೋಗುವ ಮೊದಲು ಅಳಿಸಿ ಹೋಗಿ. ಮತ್ತೊಂದು ಮಾತು. ನಿಮ್ಮ ಭಾಷೆ ಅಂತ ನಾನು ಹೇಳಿದ್ದು ಕನ್ನಡ ಅಂತ ಅಲ್ಲ. ಮನೆಯಲ್ಲಿ ಯಾವುದು ಮಾತಾಡ್ತೀರಿ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಯಲ್ಲಿ ತುಳು, ಇಬ್ಬರದು ಕೊಂಕಣಿ, ಒಬ್ಬರದು ಬ್ಯಾರಿ. ಆದರೆ ಶಾಲೆಯ ಕೋಣೆಯೊಳಗೆ ತುಳುವೇ? ತುಳು ಮಾತಾಡಿದ ಮಕ್ಕಳಿಗೆ ಬೆತ್ತದ ರುಚಿ ತೋರಿಸಿದವರು ನಾವು. ನಾವೂ ಚಿಕ್ಕವರಿರುವಾಗ ಅದೇ ಬೆತ್ತ ತಿಂದವರು. ನಿಮ್ಮ ಭಾಷೆ ಎಂದರೆ ಶಾಲೆಯ ಭಾಷೆ ಎಂದೇ ತಿಳಿದು ಇಷ್ಟು ವಾರ ಇನ್‌ಸ್ಪೆಕ್ಟರರನ್ನು ಹೊಗಳಿದ್ದೆವು. ಆ ಕನ್ನಡದಲ್ಲಿ ಹೇಳಲು ನಮಗೆ ಬೇರೆ ಏನೂ ಇರಲೂ ಇಲ್ಲ. ಕಡೆಗೆ ಬೆಳ್ತಂಗಡಿಯ ಒಬ್ಬರು ದಪ್ಪದ ಟೀಚರು ತುಳುವಿನಲ್ಲಿ, ನಿಂತು ನಿಂತು ನನ್ನ ಕಾಲು ಬಾತಿದೆ, ನನಗೆ ಪಾಠ ಮಾಡಿ ಸಾಕಾಗಿದೆ ಎಂದುಬಿಟ್ಟರು. ಕೋಣೆಯಿಡೀ ನಗು. ಆ ದಿನದಿಂದ ಕ್ಲಾಸಿಗೆ ಜೀವ ಬಂತು. ಹಿರಿಯ ಮಾಸ್ಟ್ರು ಕೂಡ ತಮ್ಮ ಸೊಸೆಯ ಸಾರಿನ ಬಗ್ಗೆ ಇಂಗ್ಲಿಷಿನಲ್ಲಿ ದೂರು ಹೇಳಿದರು.

ನಾನು ಮಾತ್ರ ಬಿಗಿಯಾಗಿಯೇ ಇದ್ದೆ. ಅದಕ್ಕೆ ಕಾರಣ ಎದುರಿಗೆ ಕೂರುತ್ತಿದ್ದ ಲಾಯಿಲದ ಮಾಸ್ಟ್ರು. ಬಿಳಿ ಅಂಗಿಯ, ಸಪೂರದ ಮನುಷ್ಯ. ಲಾಯಿಲ ಎಂದು ಕೇಳಿದಾಗಲೇ ನಾನು ಬಾಯಿಗೆ ಬೀಗ ಹಾಕಿದ್ದೆ. ಸಂಬಂಧ ಬಂದದ್ದು ಅದೇ ಊರಿಂದ. ಆಮೇಲೆ ನೋಡಿದರೆ, ಬಸ್‌ಸ್ಟ್ಯಾಂಡಿನಲ್ಲಿ ಅವರು ನನ್ನ ಹತ್ತಿರವೇ ಬಂದು ನಿಲ್ಲುತ್ತಿದ್ದರು. “ಟೀಚರಿಗೆ ಪಾಣೆಮಂಗಳೂರಾ? ಮನೆಯಲ್ಲಿ ಯಾರೆಲ್ಲ ಇದ್ದಾರೆ?” ಎಂದು ಕೇಳುತ್ತಿದ್ದರು. ಕ್ಲಾಸಿನಲ್ಲೂ ಬಿಡಲಿಲ್ಲ. ವೃತ್ತದಲ್ಲಿ ಒಬ್ಬರು ಇನ್ನೊಬ್ಬರನ್ನು ಮಾತಾಡಿಸಬಹುದಿತ್ತು. ಅವರು ಕೊಳವೆಯಲ್ಲಿ ಇಂಗ್ಲಿಷ್ ತೆಗೆದುಕೊಂಡು ನನ್ನನ್ನೇ ನೋಡಿ, “ಹೌ ಮೆನಿ ಚಿಲ್ಡ್ರನ್ ಡು ಯು ಹ್ಯಾವ್?” ಎಂದು ಕೇಳಿದರು. ಎಲ್ಲರೂ ಕಾಯುತ್ತಿದ್ದರು. ಒಬ್ಬ ಮಗ ಎಂದು ಹೇಳಿ ನಿಲ್ಲಿಸಬಹುದಿತ್ತು. ಹೆದರಿದ ಬಾಯಿ ನಿಲ್ಲುವುದಿಲ್ಲ. “ಒಬ್ಬ ಮಗ. ಚೆನ್ನಾಗಿ ಹಾಡ್ತಾನೆ” ಎಂದು ಕನ್ನಡದಲ್ಲಿ ಹೇಳಿದೆ.

ಸರ್ ಹಿಂದಿನಿಂದ, ತಮ್ಮ ಪದ್ಧತಿಯಂತೆ, ಮೊದಲು ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿದರು, “ನಿಮ್ಮ ಮಗ ಚೆನ್ನಾಗಿ ಹಾಡ್ತಾನೆ.” ಅದರಲ್ಲಿ ಪ್ರಶ್ನೆ ಇತ್ತೇ, ಇರಲಿಲ್ಲವೇ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಇಂಗ್ಲಿಷ್ ಕೊಟ್ಟರು, ನಾನು ಹೇಳಿದೆ. ಮುಂದಿನ ವಾರ ಲಾಯಿಲದ ಮಾಸ್ಟ್ರು, ಯಾವ ಹಾಡು ಹಾಡುತ್ತಾನೆ ಎಂದು ಕೇಳಿದರು. ಭಜನೆ ಎಂದೆ. ಈ ಮನುಷ್ಯ ಹುಡುಗನ ಕಡೆಯವರ ಸಿಐಡಿ ಎಂದು ನನಗೆ ಖಾತ್ರಿಯಾಯಿತು. ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತವಳಿಗೆ, ನನಗೇ ಅಸಹ್ಯವಾಗುವಷ್ಟು ಸಿಟ್ಟು ಬಂತು. ಅವರ ಮೇಲೆ, ಸರ್ ಮೇಲೆ, ಭಜನೆ ಹಾಡುವ ಆ ಇಲ್ಲದ ಹುಡುಗನ ಮೇಲೆ.

ಆ ಆದಿತ್ಯವಾರ ಬೆಳಗ್ಗೆ ಅತ್ತೆ, ನಾದಿನಿ ಇಬ್ಬರೂ ದೇವಸ್ಥಾನಕ್ಕೆ ಹೋಗಿದ್ದರು. ಮಗ ಜಗಲಿಯಲ್ಲಿ ಹುಣಸೆಬೀಜ ಇಟ್ಟುಕೊಂಡು ಆಡುತ್ತಿದ್ದ. ನನಗೆ ಏನು ತೋರಿತೋ, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ತೆಗೆದು ಸುತ್ತಿದೆ. ಅವನ ಹಿಂದೆ ಕೂತು ಕೊಳವೆಯನ್ನು ಕಿವಿಗೆ ಹಿಡಿದು ಅವನ ಹೆಸರು ಕರೆದೆ. ಬೀಜದಿಂದ ಅವನ ಕಣ್ಣು ಸರಿಯಲಿಲ್ಲ. ಗಟ್ಟಿಯಾಗಿ ಕರೆದೆ. ಗಂಟಲು ಬಿರಿಯುವಷ್ಟು ಗಟ್ಟಿಯಾಗಿ ಕರೆದೆ. ಆಗ ಅವನು ಕುತ್ತಿಗೆ ಕುಗ್ಗಿಸಿ ಕಿಲಕಿಲ ನಕ್ಕ. ನನ್ನ ಉಸಿರು ಕಚಗುಳಿ ಇಟ್ಟಿತ್ತು, ಅಷ್ಟೇ. ಕೊಳವೆಯನ್ನು ಕಿತ್ತುಕೊಂಡು ನನ್ನ ಕಿವಿಗೆ ಇಟ್ಟು ಅವನೂ ಊದಿದ, ನಾನೂ ನಗಬೇಕೆಂದು. ನಾನು ನಕ್ಕೆ. ಒಳಗೆ ಹೋಗಿ ಅಕ್ಕಿ ಡಬ್ಬದ ಹತ್ತಿರ ನಿಂತು ಅತ್ತುಬಿಟ್ಟೆ.

ಮುಂದಿನ ಶನಿವಾರ ನನ್ನ ಸರದಿ ಬಂತು. ಯಾರೂ ಏನೂ ಕೇಳಿರಲಿಲ್ಲ. ಮಳೆ ಬಂದರೆ ನಮ್ಮ ಶಾಲೆ ಸೋರುತ್ತದೆ ಎಂದು ಹೇಳುವ ಯೋಚನೆ ಮಾಡಿಕೊಂಡೇ ಹೋಗಿದ್ದೆ. ಸರ್ ಹಿಂದೆ ಬಂದು ನಿಂತರು. ಕಾಗದದ ಅಂಚು ಕಿವಿಗೆ ತಾಗಿತು. ಮಗ ಕುತ್ತಿಗೆ ಕುಗ್ಗಿಸಿದ್ದು ಕಣ್ಣಿಗೆ ಕಟ್ಟಿತು.

“ಎನ್ನ ಮಗಕ್ ಕೆಬಿ ಕೇನುಜಿ” ಎಂದೆ. ನನ್ನ ಮಗನಿಗೆ ಕಿವಿ ಕೇಳುವುದಿಲ್ಲ. ಮನೆಯ ಹೊರಗೆ ಆ ಮಾತನ್ನು ಯಾವ ಭಾಷೆಯಲ್ಲೂ ಗಟ್ಟಿಯಾಗಿ ಹೇಳಿದವಳಲ್ಲ ನಾನು. ಡಾಕ್ಟ್ರ ಹತ್ತಿರವೂ, “ಮಾತಾಡಲಿಕ್ಕೆ ಸ್ವಲ್ಪ ತಡ ಮಾಡ್ತಾನೆ” ಎಂದೇ ಹೇಳಿದ್ದೆ.

ಕೊಳವೆಯ ಆ ತುದಿಯಿಂದ ಅಯ್ಯೋ ಪಾಪ ಎಂದರೆ ಎದ್ದು ಹೋಗುವುದೆಂದು ನಾನು ಸೀರೆಯ ನಿರಿಗೆ ಹಿಡಿದುಕೊಂಡಿದ್ದೆ. ಸರ್ ಅದೇ ಮಾತನ್ನು ತುಳುವಿನಲ್ಲೇ ನನಗೆ ತಿರುಗಿಸಿ ಹೇಳಿದರು, ಹೆಚ್ಚಿಲ್ಲ ಕಡಿಮೆಯಿಲ್ಲ. ಆಮೇಲೆ, “ಮೈ ಸನ್ ಕೆನಾಟ್ ಹಿಯರ್.” ನಾನು ಗುಂಡಿ ಒತ್ತಿ ಹೇಳಿದೆ. ಕ್ಲಾಸಿನ ಕಡೆಗೆ ಟೇಪು ಹಾಕಿದಾಗ ಎಲ್ಲರ ಮಾತಿನ ನಡುವೆ ಅದೂ ಬಂತು. ಅದು ಅಳುವ ಸ್ವರ ಆಗಿರಲಿಲ್ಲ. ಹಾಜರಿ ಕರೆಯುವ ಟೀಚರಿನ ಸ್ವರ. ಅದೇ ನನಗೆ ಆಶ್ಚರ್ಯ. ಸರ್ ನನ್ನನ್ನು ನೋಡಿ, “ಇದನ್ನು ಬೋರ್ಡಿಗೆ ಬರೆಯುವುದಾ, ಬೇಡವಾ?” ಎಂದು ಕೇಳಿದರು. ಅಳಿಸುವ ಗುಂಡಿ ಕೈಯಳತೆಯಲ್ಲೇ ಇತ್ತು. “ಬರೆಯಿರಿ” ಎಂದೆ. ದಪ್ಪದ ಟೀಚರು ನನ್ನ ತೊಡೆಯ ಮೇಲೆ ಕೈ ಇಟ್ಟರು. ನಾನು ನೋಡಿದ್ದು ಲಾಯಿಲದ ಮಾಸ್ಟ್ರನ್ನು. ಅವರು ತಲೆ ಬಗ್ಗಿಸಿ ಕೂತಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಅವರು ಬಂದೇ ಬರುತ್ತಾರೆ ಎಂದು ಗೊತ್ತಿತ್ತು. ಬಂದರು.

“ಟೀಚರೇ, ನಿಮ್ಮಿಂದ ಯಾಕೆ ಮುಚ್ಚಿಡುವುದು. ಆ ಹುಡುಗನ ಮನೆಯವರು ನಮಗೆ ಬೇಕಾದವರು. ನಿಮ್ಮ ಮನೆಯ ವಿಷಯ ಸ್ವಲ್ಪ ವಿಚಾರಿಸಿ ಹೇಳಿ ಅಂತ ನನ್ನ ಹತ್ತಿರ ಹೇಳಿದ್ದಾರೆ.”

“ನನಗೆ ಮೊದಲ ದಿನವೇ ಗೊತ್ತಿತ್ತು ಮಾಸ್ಟ್ರೇ.”

ಅದು ನಮ್ಮಲ್ಲಿ ತಪ್ಪೇನಲ್ಲ. ಹೆಣ್ಣು ತರುವ ಮೊದಲು ಮೂರನೆಯವರ ಬಾಯಿಯಿಂದ ವಿಚಾರಿಸದವರು ಯಾರು? ನಾದಿನಿಯ ಸಲುವಾಗಿ ನಾವೂ ಆ ಹುಡುಗನ ಬ್ಯಾಂಕಿನ ಹತ್ತಿರದ ಹೋಟೆಲಿನಲ್ಲಿ ವಿಚಾರಿಸಿದ್ದೆವು. ಅನುಮಾನ ಸರಿಯಾಯಿತೆಂದು ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

“ಬುಧವಾರ ಅವರು ಕೇಳಲಿಕ್ಕೆ ಬರ್ತಾರೆ” ಎಂದರು ಅವರು, ಛತ್ರಿಯ ಹಿಡಿಕೆ ತಿರುಗಿಸುತ್ತಾ. “ನಾನು ಏನು ಹೇಳುವುದು? ಕ್ಲಾಸಿನ ಮಾತು ಕ್ಲಾಸಿಗೇ. ನೀವು ಬೇಡ ಅಂದರೆ ನನಗೆ ಏನೂ ಗೊತ್ತಿಲ್ಲ ಅಂತ ಹೇಳ್ತೇನೆ. ದೇವರಾಣೆ ಟೀಚರೇ.”

ನಂಬುವುದಾದರೆ ನಂಬಬಹುದಿತ್ತು. ನಿಶ್ಚಯ ಆಗುತ್ತಿತ್ತು, ಮದುವೆ ಆಗುತ್ತಿತ್ತು. ಆದರೆ ಅಷ್ಟರಲ್ಲಿ ಅರ್ಜಿಯ ತಿಂಗಳು ದಾಟುತ್ತಿತ್ತು, ಮಗನಿಗೆ ಇನ್ನೊಂದು ವರ್ಷ ಹೋಗುತ್ತಿತ್ತು. ಮದುವೆಯಾದ ಮೇಲೆ ಗೊತ್ತಾದರೆ ಆ ಮನೆಯಲ್ಲಿ ನಾದಿನಿಯ ಗತಿ ಏನು? ಪಾಣೆಮಂಗಳೂರಿನ ಕಡೆಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬೇಗ ಹತ್ತಿ ಎಂದು ಬೊಬ್ಬೆ ಹಾಕುತ್ತಿದ್ದ.

“ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾನೇ ಹೇಳಿದೆ ಅಂತಲೂ ಹೇಳಿ” ಎಂದು ಬಸ್ಸು ಹತ್ತಿದೆ.

ಮನೆಗೆ ಬಂದು ಚೀಲ ಇಡುವ ಮೊದಲೇ ಅತ್ತೆಗೆ ಹೇಳಿದೆ. ಅವರು ಅಡುಗೆ ಕೋಣೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ಕೈ ನಿಲ್ಲಿಸಿ, “ನಿನ್ನನ್ನು ಕಳಿಸಿದ್ದು ಇಂಗ್ಲಿಷ್ ಕಲಿಯಲಿಕ್ಕೆ. ಮನೆಯ ಮಾನ ಹರಾಜು ಹಾಕಲಿಕ್ಕಲ್ಲ” ಎಂದರು. ನಾದಿನಿ ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡಳು. ಒಂದು ವಾರ ಕಳೆದ ಮೇಲೆ ಲಾಯಿಲದಿಂದ ಸುದ್ದಿ ಬಂತು. ಇನ್ನೊಬ್ಬ ಜೋಯಿಸರ ಹತ್ತಿರ ತೋರಿಸಿದ್ದರಂತೆ, ಜಾತಕ ಕೂಡಿ ಬರುವುದಿಲ್ಲವಂತೆ. ಕಾರಣ ಅದಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅತ್ತೆ ನನಗೆ ಬಡಿಸುವುದನ್ನು ನಿಲ್ಲಿಸಿದರು, ನಾನೇ ಬಡಿಸಿಕೊಂಡು ಉಂಡೆ. ಆ ಸಂಜೆಯೇ ಅರ್ಜಿ ಬರೆದೆ, ಕಾರಣದ ಜಾಗದಲ್ಲಿ ಇದ್ದ ಕಾರಣವನ್ನೇ ಬರೆದೆ. ಗಂಡನಿಗೂ ಬರೆದೆ, ಈ ಸಲ ಕೇಳಲಿಕ್ಕಲ್ಲ, ತಿಳಿಸಲಿಕ್ಕೆ. ಶಾಲೆ ಶುರುವಾಗುವ ಮೊದಲು ಮಂಗಳೂರಿಗೆ ವರ್ಗ ಆಯಿತು.

ಹೊರಡುವ ದಿನ ಬೆಳಗ್ಗೆ ನಾದಿನಿಯೇ ನನ್ನ ಮಗನನ್ನು ಮೀಯಿಸಿದಳು. ಪೌಡರು ಹಾಕಿ, ಹೊಸ ಅಂಗಿ ತೊಡಿಸಿ, ಅವನ ಎದುರು ಮೊಣಕಾಲೂರಿ ಕೂತು ಗುಂಡಿ ಹಾಕುತ್ತಿದ್ದಳು. ನಾನು ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದೆ. ನನ್ನ ಕಡೆ ನೋಡದೆ ಹೇಳಿದಳು, “ಅತ್ತಿಗೆ, ಆ ಹುಡುಗ ನನಗೆ ಮೊದಲಿಂದಲೂ ಇಷ್ಟ ಇರಲಿಲ್ಲ.”

ಹುಡುಗನ ಕಡೆಯವರು ನೋಡಿ ಹೋದ ಸಂಜೆ ಅವಳು ಬಾವಿಕಟ್ಟೆಯ ಹತ್ತಿರ ತುಂಬಿದ ಕೊಡ ಎತ್ತುವುದನ್ನು ಮರೆತು ಒಬ್ಬಳೇ ನಗುತ್ತಾ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಿಶ್ಚಯಕ್ಕೆಂದು ತೆಗೆದಿಟ್ಟ ಸೀರೆಯ ರವಿಕೆಯನ್ನು ಕೇಳದೆಯೇ ಹೊಲಿಸಿಕೊಂಡು ಬಂದದ್ದನ್ನೂ ಕಂಡಿದ್ದೆ. ಯಾರ ಮಾತನ್ನೂ ತಿರುಗಿಸಿ ಮುರುಗಿಸಿ ನೋಡದೆ ನಂಬಿದವಳಲ್ಲ ನಾನು. ಆ ಒಂದು ಮಾತನ್ನು ಮಾತ್ರ ಹೇಳಿದ ಹಾಗೆಯೇ ತೆಗೆದುಕೊಂಡೆ.

“ಹೌದಾ?” ಎಂದೆ.

“ಹೌದು” ಎಂದು ಅವಳು ಮಗನ ಕಾಲರು ಸರಿ ಮಾಡಿದಳು.